ಹತ್ತು ಗುಳಿಗೆ

ಹಂದಿಜ್ವರದ ಆ ಜುಲೈಯಲ್ಲಿ
ಬ್ಯಾಡ್ಮಿಂಟನ್ ಅಂಕಣದ ಬಲೆ ಬಿಚ್ಚಿ ಮೂರು ಮೇಜು ಹಾಕಿದರು.
ನಡುವಿನದು ನನ್ನದು.
ಎದುರಿಗೆ ಸರ್ವಿಸ್ಸಿನ ಹಳದಿ ಗೆರೆ,
ಸರದಿ ಅದರಾಚೆಗೇ ನಿಲ್ಲಬೇಕು.
ಬೆನ್ನ ಹಿಂದೆ ಬೀಗ ಜಡಿದ ಸ್ಕ್ವಾಷ್ ಕೋಣೆ,
ಗಾಜಿನೊಳಗೆ ರಟ್ಟಿನ ಪೆಟ್ಟಿಗೆಗಳು, ಸೂರಿನವರೆಗೆ.

ನಿಯಮ ಸರಳ. ಜ್ವರ ಬಂದವರು ಬರಕೂಡದು.
ಫೋನು ಮಾಡಬೇಕು. ಅತ್ತಲಿಂದ ದನಿಯೊಂದು ಕೇಳುತ್ತದೆ:
ಮೈ ಸುಡುತ್ತಿದೆಯೇ, ಉಸಿರು ಕಟ್ಟುತ್ತಿದೆಯೇ, ಬಸುರಿಯೇ,
ಹೌದು ಇಲ್ಲ ಇಲ್ಲ ಹೌದು,
ಕೊನೆಗೊಂದು ಸಂಖ್ಯೆ.
ಆ ಸಂಖ್ಯೆ ಹಿಡಿದು ಬರುವವರಿಗೆ ಲಂಡನ್ನಿನಲ್ಲಿ ಯಾರೋ
'ಜ್ವರದ ಗೆಳೆಯ' ಎಂದು ಹೆಸರಿಟ್ಟಿದ್ದರು.
ಗೆಳೆಯರೇ ಇಲ್ಲದವರ ಬಗ್ಗೆ
ನನ್ನ ಕೈಪಿಡಿಯಲ್ಲಿ ಅರ್ಧ ಸಾಲು ಇತ್ತು.

ವಿಲ್ಫ್ರೆಡ್ ಡಾಡ್ಸ್ ಬಂದ. ಕುರಿ ವಾಸನೆಯ ಕೋಟು,
ಅಂಗೈ ಮೇಲೆ ಪೆನ್ನಿನಲ್ಲಿ ಗೀಚಿಕೊಂಡ ಸಂಖ್ಯೆ.
ಯಾರಿಗೆ? ಆಗ್ನೆಸ್ ಪರ್ವಿಸ್‌ಗೆ.
ನನಗೆ ಗೊತ್ತು, ಊರಿಗೇ ಗೊತ್ತು,
ಬೇಲಿಯ ಜಗಳಕ್ಕೆ ಹನ್ನೊಂದು ವರ್ಷ ಇಬ್ಬರಿಗೂ ಮಾತಿಲ್ಲ.
ಸಂಬಂಧ? ಎಂದೆ. ನಮೂನೆಯಲ್ಲಿ ಖಾಲಿ ಜಾಗವಿತ್ತು.
"ಬೇಲಿ" ಅಂದ. "ಬೇಲಿ ಅಂತ ಬರಿ."
ಬರೆದೆ.
"ಕಿಟಕಿಯಿಂದ ಚೀಟಿ ತೋರಿಸಿದಳು. ಈಗಲೂ ಮಾತಾಡಿಲ್ಲ"
ಅಂದ, ನಾನೆಲ್ಲಿ ತಪ್ಪು ತಿಳಿದೇನೋ ಎಂಬಂತೆ.

ಟ್ವೀಡ್ ಹೊಳೆಯ ಆ ದಡ ಸ್ಕಾಟ್ಲೆಂಡು. ಅಲ್ಲಿ ಬೇರೆ ಕ್ರಮ.
ದನಿಯೂ ಇಲ್ಲ, ಸಂಖ್ಯೆಯೂ ಇಲ್ಲ,
ವೈದ್ಯರು ವಿಚಾರಿಸಬೇಕು, ವೈದ್ಯರೇ ಬರೆಯಬೇಕು.
ನೆಗಡಿಗೆಲ್ಲ ಮೂಗು ಕೊಯ್ಯಬೇಕೆ, ಗುಳಿಗೆ ಮೊಂಡಾಗುತ್ತದೆ, ಎಂದರು ಅವರು.
ಕಾಯುತ್ತ ಕೂತರೆ ನಲವತ್ತೆಂಟು ಗಂಟೆ ಕಳೆದೇ ಹೋಗುತ್ತದೆ, ಎಂದೆವು ನಾವು.
ಎರಡೂ ಸರಿ. ಅದೇ ತೊಂದರೆ.
ಸೇತುವೆ ಇನ್ನೂರಿಪ್ಪತ್ತು ಹೆಜ್ಜೆ. ಕೆಮ್ಮು ಎಣಿಸುವುದಿಲ್ಲ.

ಶನಿವಾರ ಮುಚ್ಚುವ ಹೊತ್ತಿಗೆ ಎಲ್ಸ್ಪೆತ್ ಟೇಟ್ ಸೇತುವೆ ದಾಟಿ ಬಂದಳು,
ನಮ್ಮ ಶಾಲೆಯ ಅಡುಗೆಯವಳು, ನನ್ನ ಮಕ್ಕಳಿಗೆ ಬಡಿಸಿದವಳು.
ಹದಿನಾಲ್ಕರ ಮಗ, ಮೊದಲೇ ಉಬ್ಬಸ,
ಮೈ ಮೂವತ್ತೊಂಬತ್ತೂವರೆ.
ತುರ್ತಿನವರು ನಾವೇ ಕರೆಯುತ್ತೇವೆ ಅಂದದ್ದು ಬೆಳಗಿನ ಒಂಬತ್ತಕ್ಕೆ.
ವಿಳಾಸ ನೋಡಿದೆ. ಅಂಚೆಯ ಮೊದಲೆರಡು ಅಕ್ಷರ ನಮ್ಮವೇ.
ಅಂಚೆಯವರು ಹೊಳೆ ನೋಡಿರಲಿಲ್ಲ.
ಕಂಪ್ಯೂಟರು ನೋಡಿತ್ತು.

ಆಗುವುದಿಲ್ಲ ಎಂದೆ.
ಮಾಸ್ಕಿನೊಳಗೆ ನನ್ನ ಉಸಿರೇ ನನಗೆ ಬಿಸಿ.
ಅವಳು ಬೈಯಲಿಲ್ಲ. ಗೆರೆಯಾಚೆ ನಿಂತು
ಗಾಜಿನ ಬಾಗಿಲನ್ನು ನೋಡಿದಳು,
ಮಿಠಾಯಿ ಅಂಗಡಿ ಮುಂದೆ ಮಕ್ಕಳು ನೋಡುವ ಹಾಗಲ್ಲ,
ಲೆಕ್ಕ ಹಾಕುವವರ ಹಾಗೆ.

ಹುಡುಗ ಉಳಿದ. ಮೊದಲೇ ಹೇಳಿಬಿಡುತ್ತೇನೆ, ನೀವು ಕಾಯಬೇಡಿ.
ಭಾನುವಾರ ಚಿಕ್ಕ ವಯಸ್ಸಿನ ವೈದ್ಯೆಯೊಬ್ಬಳು
ಸೈಕಲ್ಲಿನಲ್ಲಿ ಬಂದು ಬರೆದುಕೊಟ್ಟಳಂತೆ.
ಎರಡನೇ ಗುಳಿಗೆಗೇ ವಾಂತಿ,
ಉಳಿದ ಎಂಟನ್ನು ಮುಟ್ಟಲೇ ಇಲ್ಲವಂತೆ.
ತಾನಾಗಿ ಇಳಿಯಿತೋ, ಆ ಎರಡರಿಂದ ಇಳಿಯಿತೋ
ಯಾವ ದಡದವರಿಗೂ ಗೊತ್ತಿಲ್ಲ.

ಆಗ್ನೆಸ್ ಹತ್ತನ್ನೂ ನುಂಗಿದಳು, ಎದ್ದು ಓಡಾಡಿದಳು.
ನವೆಂಬರಿನಲ್ಲಿ ಹೂಳಿದೆವು, ಜ್ವರವಲ್ಲ, ಹೃದಯ.
ವಿಲ್ಫ್ರೆಡ್ ಬೇಲಿ ಕತ್ತರಿಸಿದ,
ಅವಳು ಹೇಳುತ್ತಿದ್ದ ಎತ್ತರಕ್ಕೆ.

ಮುಂದಿನ ವಸಂತಕ್ಕೆ ಲಾರಿ ಬಂತು.
ಪೆಟ್ಟಿಗೆಗಳಲ್ಲಿ ಮುಕ್ಕಾಲು ಪಾಲು ಟೇಪು ಕೂಡ ಬಿಚ್ಚಿರಲಿಲ್ಲ.
ಎಣಿಸಿ, ಸಹಿ ಹಾಕಿ ಕಳಿಸಿದೆ. ಮತ್ತೆ ಬಲೆ ಕಟ್ಟಿದರು.

ಈಗಲೂ ಗುರುವಾರ ಸಂಜೆ ನಾನೂ ಎಲ್ಸ್ಪೆತ್‌ಳೂ ಎದುರುಬದುರು ಆಡುತ್ತೇವೆ.
ಅವಳ ಸರ್ವಿಸ್ಸು ಯಾವಾಗಲೂ ಆ ಹಳದಿ ಗೆರೆಗೇ ಸವರಿಕೊಂಡು ಬೀಳುತ್ತದೆ.
ಒಳಗೋ ಹೊರಗೋ ಕೂಗಬೇಕಾದವಳು ನಾನು.
ಬಗ್ಗಿ ಹಕ್ಕಿಪುಕ್ಕದ ಚೆಂಡು ಎತ್ತಿಕೊಳ್ಳುತ್ತೇನೆ,
ನೀನೇ ಹೇಳು ಅನ್ನುತ್ತೇನೆ.